ಸ್ಯಾಕರೀನ್ ಹಾಕಿದ ಕೇಸರಿಬಾತು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು. ಗಾಳಿ ಬೀಸಿದರೆ ಕೆಮ್ಮಣ್ಣು ಒಳಗೆ ನುಗ್ಗಿ ಒಣಗಲು ಹಾಕಿದ ಸೀರೆಯ ಮೇಲೆ, ಹಾಲಿನ ಪಾತ್ರೆಗೆ ಮುಚ್ಚಿದ ತಟ್ಟೆಯ ಮೇಲೆ ಕೂರುತ್ತಿತ್ತು. ಮನೆಯಲ್ಲಿದ್ದದ್ದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಾವ, ಅತ್ತೆ, ಕಾರ್ಖಾನೆಗೆ ಹೋಗುತ್ತಿದ್ದ ನನ್ನ ಗಂಡ, ಮದುವೆ ವಯಸ್ಸಿಗೆ ಬಂದಿದ್ದ ನಾದಿನಿ ಮತ್ತು ನಾನು.

ಮಾವನವರು ಒಳ್ಳೆಯವರು. ಏರುದನಿಯಲ್ಲಿ ಮಾತಾಡಿದವರಲ್ಲ. ಆದರೆ ಸಿಹಿ ಕಂಡರೆ ಮೈಮರೆಯುತ್ತಿದ್ದರು. ಹಬ್ಬದ ದಿನ ಎಲೆಯ ಮೇಲೆ ಉಳಿದ ಪಾಯಸವನ್ನು ಅಂಗೈಯಿಂದ ಬಳಿದು, ಬೆರಳೊಂದೊಂದನ್ನೂ ಬಾಯೊಳಗೆ ಬಿಟ್ಟು ಚೀಪುವ ಸದ್ದು ನಡುಮನೆಯವರೆಗೆ ಕೇಳುತ್ತಿತ್ತು. ಹೊಸ ಸೊಸೆ ನಾನು. ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದೆ.

ಆ ಬೇಸಿಗೆಯಲ್ಲಿ ಮಾವ ಮೂತ್ರಕ್ಕೆ ಹೋಗುತ್ತಿದ್ದ ಬಚ್ಚಲ ಮೋರಿಯ ಬಳಿ ಇರುವೆ ಮುತ್ತತೊಡಗಿದವು. ಅರಿಶಿನ ಉದುರಿಸಿದೆ, ಸೀಮೆಎಣ್ಣೆ ಸುರಿದೆ. ಮಾರನೆಯ ದಿನ ಮತ್ತೆ ಸಾಲುಸಾಲು. ಅವು ಯಾಕೆ ಬರುತ್ತಿವೆ ಎಂದು ಅತ್ತೆಗೆ ಮೊದಲು ಹೊಳೆಯಿತು. ಅವರ ತವರಿನಲ್ಲಿ ಯಾರಿಗೋ ಹೀಗೇ ಆಗಿತ್ತಂತೆ. ಮಾವ ಬೇರೆ ಒಂದೇ ಸಮನೆ ನೀರು ಕುಡಿಯುತ್ತಿದ್ದರು, ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದರು. ಬೀದಿಯ ತುದಿಯಲ್ಲಿ ಷಾಪು ಇಟ್ಟಿದ್ದ ಡಾಕ್ಟರು ನೋಡಿ, "ಸಕ್ಕರೆ ಕಾಯಿಲೆ" ಅಂದರು. ಸಕ್ಕರೆ ಬಿಡಬೇಕು, ಅನ್ನ ಕಡಿಮೆ ಮಾಡಬೇಕು, ಮೂತ್ರ ಪರೀಕ್ಷೆ ಮನೆಯಲ್ಲೇ ಮಾಡಿಕೊಳ್ಳಬೇಕು ಎಂದು ಹೇಳಿ ಒಂದು ಸೀಸೆ ನೀಲಿ ದ್ರವ ಬರೆದುಕೊಟ್ಟರು. ಕಾಫಿಗೆ ಏನೂ ಇಲ್ಲದೆ ಕುಡಿಯಲಾರೆ ಎಂದು ಮಾವ ಗೋಗರೆದಾಗ, ಬೇಕಾದರೆ ಇದನ್ನ ಹಾಕ್ಕೊಳ್ಳಿ ಎಂದು ಸ್ಯಾಕರೀನ್ ಮಾತ್ರೆಯ ಹೆಸರನ್ನೂ ಬರೆದರು.

ಪರೀಕ್ಷೆ ಯಾರು ಮಾಡಬೇಕು? ಅತ್ತೆ ಮಡಿ. ಗಂಡ ಬೆಳಿಗ್ಗೆ ಸೈರನ್ ಕೂಗುವ ಮೊದಲೇ ಕಾರ್ಖಾನೆಗೆ ಹೊರಡುತ್ತಿದ್ದರು. ನಾದಿನಿ ಮೂಗು ಮುಚ್ಚಿಕೊಂಡು, "ನನ್ನ ಕೈಲಾಗಲ್ಲಪ್ಪ" ಎಂದು ಜಾರಿಕೊಂಡಳು. ಕೆಲಸ ನನ್ನ ಪಾಲಿಗೆ ಬಂತು. ಬಚ್ಚಲಮನೆಯ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಹಾಕಿ, ಅದಕ್ಕೆ ಮಾವನ ಮೂತ್ರದ ಹನಿಗಳನ್ನು ಬಿಟ್ಟು ಕಾಯಿಸಬೇಕು. ಕುದಿಯುವಾಗ ಏಳುವ ಆ ಹಬೆಯ ವಾಸನೆಯನ್ನು ಹೇಗೆ ಹೇಳಲಿ? ಪಾಕ ಸೀದಂತೆ, ಅದರ ಮೇಲೆ ಯಾರೋ ಬೂದಿ ಎರಚಿದಂತೆ. ಸೆರಗನ್ನು ಮೂಗಿಗೆ ಒತ್ತಿಕೊಂಡರೂ ಗಂಟಲಿಗೆ ಇಳಿಯುತ್ತಿತ್ತು. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಕೆಂಪಾದರೆ ವಿಪರೀತ. ನಮ್ಮ ಮನೆಯ ಕೊಳವೆಯಲ್ಲಿ ಮೊದಲ ದಿನವೇ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪು ಗಷ್ಟು ನಿಂತಿತು. ಅದನ್ನು ಚೆಲ್ಲಿ, ಕೈ ತೊಳೆದು, ಸೀಗೆಪುಡಿ ಹಾಕಿ ಮತ್ತೆ ತೊಳೆದು, ಒಳಗೆ ಹೋಗಿ ತಿಂಡಿಗೆ ಒಗ್ಗರಣೆ ಹಾಕಬೇಕಿತ್ತು.

ಸ್ಯಾಕರೀನ್ ಮಾವನ ಕಾಫಿಗೆ ಮಾತ್ರ ಎಂದುಕೊಂಡಿದ್ದೆ. ಅತ್ತೆಯ ಲೆಕ್ಕಾಚಾರ ಬೇರೆ ಇತ್ತು.

"ಸಕ್ಕರೆ ಡಬ್ಬ ಮನೇಲಿದ್ರೆ ತಾನೆ ಅವರು ಕೈ ಹಾಕೋದು? ಇನ್ಮೇಲೆ ಎಲ್ಲರಿಗೂ ಇದೇ ಕಣೇ. ಸಿಹಿಗೆ ಸಿಹಿ ಆಯ್ತು, ಕಾಯಿಲೆ ಭಯ ಇಲ್ಲ. ನಾಳೆ ನಮಗೂ ಬರಬಾರದಲ್ಲ!"

ಕಾಫಿಯ ಮೊದಲ ಗುಟುಕು ನಾಲಿಗೆಗೆ ತಾಗಿದಾಗ ಸಿಹಿಯೇ ಇತ್ತು. ಇಷ್ಟೇನಾ ಅಂದುಕೊಂಡೆ. ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಇನ್ನೊಂದು ರುಚಿ ಎದ್ದಿತು. ಚಿಕ್ಕಂದಿನಲ್ಲಿ ಹಿತ್ತಾಳೆ ನಲ್ಲಿಗೆ ಬಾಯಿಟ್ಟು ನೀರು ಕುಡಿದಾಗ ಆಗುತ್ತಿತ್ತಲ್ಲ, ಹಾಗೆ. ಹಿತ್ತಲಿಗೆ ಓಡಿ ಉಗುಳಿದೆ. ಬಾಯಿ ಮುಕ್ಕಳಿಸಿದೆ, ಉಪ್ಪು ನೆಕ್ಕಿದೆ. ಮಧ್ಯಾಹ್ನ ಸಾರನ್ನದಲ್ಲೂ ಅದೇ. ಅನ್ನ, ಮಜ್ಜಿಗೆ, ಎಲೆ ಅಡಿಕೆ ಯಾವುದಕ್ಕೂ ಆ ರುಚಿ ಜಗ್ಗಲಿಲ್ಲ. ನನಗೆ ಕಾಫಿಯೇ ಬೇಡ ಅಂದರೆ ಅತ್ತೆಗೆ ಸಿಟ್ಟು. "ನಿಮ್ಮಪ್ಪನ ಮನೇಲಿ ಸಕ್ಕರೆ ಮೂಟೆ ಇತ್ತೇನೋ" ಅನ್ನುತ್ತಿದ್ದರು. ಮೂಗು ಹಿಡಿದು ಕುಡಿಯುವುದು ಅಭ್ಯಾಸವಾಯಿತು.

ಇಷ್ಟೆಲ್ಲ ಮಾಡಿದರೂ ಕೊಳವೆಯಲ್ಲಿ ಕೆಂಪು ಇಳಿಯಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಲಗ್ಗೆರೆ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಬೆಣ್ಣೆ ತರುತ್ತಿದ್ದಳು. ಅವಳ ಹತ್ತಿರ ಮಾವ ಜೇನುತುಪ್ಪ ತರಿಸಿಕೊಳ್ಳಲು ಶುರುಮಾಡಿದ್ದರು. ಕೆಂಗೇರಿಯ ಆಚೆ ಅವರ ದಾಯಾದಿಗಳ ಗದ್ದೆ ಇತ್ತು, ಕಬ್ಬು ಅರೆಯುವ ಕಾಲದಲ್ಲಿ ಬಸ್ಸು ಹತ್ತಿ ಹೋಗಿ ಬೆಲ್ಲದ ಅಚ್ಚು ತಂದು ಮಂಚದ ಕೆಳಗಿನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಕೇಳಿದರೆ ಸಲೀಸಾದ ಉತ್ತರ.

"ನೋಡಮ್ಮ, ಡಾಕ್ಟ್ರು ಬಿಡಿ ಅಂದದ್ದು ಸಕ್ಕರೆ. ಅದು ಮಿಲ್ಲಿನದು, ಏನೇನೋ ಹಾಕಿ ಬಿಳಿ ಮಾಡಿರ್ತಾರೆ. ಜೇನು ಔಷಧಿ. ಪಂಡಿತರು ಅದರಲ್ಲೇ ತಾನೆ ಭಸ್ಮ ಕಲಸಿ ಕೊಡೋದು? ಬೆಲ್ಲ ಅಂದ್ರೆ ರಕ್ತಕ್ಕೆ ಒಳ್ಳೇದು. ಕಾಫಿಗಂತೂ ಸಕ್ಕರೆ ಬಿಟ್ಟೇಬಿಟ್ಟಿದೀನಲ್ಲ!"

ಕಾಫಿಗೆ ಬಿಟ್ಟ ಸಕ್ಕರೆಯೇ ಅವರಿಗೆ ಬೇರೆಲ್ಲದಕ್ಕೂ ಪರವಾನಗಿ ಆಗಿತ್ತು. ರಾಗಿರೊಟ್ಟಿಯ ಮೇಲೆ ಜೇನು, ಬಾಳೆಹಣ್ಣಿಗೆ ಜೇನು, ಊಟವಾದ ಮೇಲೆ ಬಾಯಾಡಿಸಲು ಬೆಲ್ಲ. ಆ ಜೇನಿನ ಸೀಸೆಯನ್ನು ನಾನು ಬೆಳಕಿಗೆ ಹಿಡಿದು ನೋಡಿದ್ದೆ. ಮೇಲೆ ಮೇಣದ ಚೂರು, ಮುರಿದ ರೆಕ್ಕೆ. ತಳದಲ್ಲಿ ಊದಿಕೊಂಡ ಒಂದು ಬಿಳಿ ಮರಿಹುಳ. ಹೇಳಿದ್ದಕ್ಕೆ ಮಾವ ನಕ್ಕು, "ಹುಳ ಇದ್ರೆ ಅಸಲಿ ಅಂತ ಅರ್ಥ" ಎಂದು ಚಮಚ ಅದ್ದಿದರು. ಮೀಸೆಯ ತುದಿಗೆ ಅಂಟಿದ್ದನ್ನು ನಾಲಿಗೆ ಚಾಚಿ ನೆಕ್ಕಿದರು. ಬೆಳಿಗ್ಗೆ ಬಚ್ಚಲಲ್ಲಿ ಮೂಗಿಗೆ ಬಡಿದ ವಾಸನೆ ನೆನಪಾಗಿ ನಾನು ಅಡುಗೆಮನೆಗೆ ಹೊರಟುಹೋದೆ.

ಅಷ್ಟರಲ್ಲಿ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ಹುಡುಗ ಮೇಷ್ಟರು. ಮಧ್ಯಸ್ಥಿಕೆಯವರು ಮಾತಿನ ಮಧ್ಯೆ ಹುಡುಗನ ತಂದೆಗೂ ಸಕ್ಕರೆ ಕಾಯಿಲೆ ಎಂದು ಹೇಳಿದ್ದೇ ತಡ, ಅತ್ತೆಯ ಮುಖ ಅರಳಿತು.

"ಹಾಗಾದ್ರೆ ಕೇಸರಿಬಾತಿಗೆ ಮಾತ್ರೇನೇ ಹಾಕೋಣ. ಅವರೂ ಧೈರ್ಯವಾಗಿ ತಿನ್ನಬಹುದು. ಎಷ್ಟು ತಿಳಿವಳಿಕೆ ಇರೋ ಮನೆ ಅಂತ ಅವರಿಗೂ ಗೊತ್ತಾಗ್ಲಿ."

"ಕುದಿಸಿದ್ರೆ ಹೇಗಾಗುತ್ತೋ ಅತ್ತೆ, ನಾವು ಯಾವತ್ತೂ ಮಾಡಿಲ್ಲ. ಮೊದಲು ಸ್ವಲ್ಪ ಮಾಡಿ ನೋಡೋಣ," ಅಂದೆ.

"ಕಾಫೀಲಿ ಕರಗಲ್ವಾ? ಇದರಲ್ಲೂ ಕರಗುತ್ತೆ. ಸುಮ್ನೆ ರವೆ ಹುರಿ."

ಮಾತ್ರೆಗಳನ್ನು ಕುಟ್ಟಾಣಿಯಲ್ಲಿ ಪುಡಿಮಾಡಿದರು. ರವೆ, ನೀರು, ಕೇಸರಿ ಬಣ್ಣದ ಜೊತೆ ಅದೂ ಕೊತಕೊತ ಕುದಿಯಿತು. ಸಕ್ಕರೆ ಹಾಕಿದರೆ ಕೇಸರಿಬಾತು ಸಡಿಲವಾಗಿ ಹೊಳಪು ಬರುತ್ತದೆ. ಇದು ಹೊಳೆಯಲಿಲ್ಲ, ಉಪ್ಪಿಟ್ಟಿನ ಹಾಗೆ ಮುದ್ದೆಗಟ್ಟಿತು. ಅತ್ತೆ ಮೇಲಿಂದ ಮೇಲೆ ತುಪ್ಪ ಸುರಿದರು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ. ನೈವೇದ್ಯ ಮುಗಿಯುವ ಹೊತ್ತಿಗೆ ಗಂಡಿನ ಕಡೆಯವರು ಬಾಗಿಲಿಗೆ ಬಂದೇಬಿಟ್ಟಿದ್ದರು.

ನಡುಮನೆಯಲ್ಲಿ ಜಮಖಾನ ಹಾಸಿ ಕೂರಿಸಿದೆವು. ನಾದಿನಿ ತಟ್ಟೆಗಳನ್ನು ತಂದು ಇಟ್ಟಳು. ಅತ್ತೆ ಬಾಗಿಲ ಮರೆಯಿಂದಲೇ, "ಸಂಕೋಚ ಬೇಡಿ, ಸಕ್ಕರೆ ಒಂದು ಕಾಳೂ ಹಾಕಿಲ್ಲ," ಅಂದರು. ಹುಡುಗನ ತಂದೆ ದೊಡ್ಡ ಆಳು, ಕೈಗೂ ಬಾಯಿಗೂ ಬಿಡುವು ಕೊಡದವರು. ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಎರಡು ಸಲ ಅಗಿದರು. ಆಮೇಲೆ ಅಗಿಯುವುದು ನಿಂತಿತು. ಕಣ್ಣು ಅಗಲವಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅವರ ಹೆಂಡತಿ ಸೆರಗಿನ ಮರೆಯಲ್ಲಿ ತುತ್ತನ್ನು ಅಂಗೈಗೆ ಉಗುಳಿಕೊಂಡು ಮುಷ್ಟಿ ಮುಚ್ಚಿದ್ದನ್ನು ನಾನು ಕಂಡೆ. ಹುಡುಗ ಒಂದು ಲೋಟ ನೀರನ್ನು ಒಂದೇ ಸಲಕ್ಕೆ ಕುಡಿದ. ನಾನು ಒಳಗೆ ಹೋಗಿ ಬಾಣಲೆಯಿಂದ ಚೂರು ತೆಗೆದು ಬಾಯಿಗೆ ಹಾಕಿಕೊಂಡೆ. ಹಾಗಲಕಾಯಿಯ ಕಹಿಯನ್ನಾದರೂ ತಿನ್ನಬಹುದು. ಇದು ಔಷಧಿ ಷಾಪಿನ ನೆಲ ನೆಕ್ಕಿದ ಹಾಗಿತ್ತು.

ಅಷ್ಟರಲ್ಲಿ ನಡುಮನೆಯಲ್ಲಿ ಮಾವ, "ಸ್ವಲ್ಪ ಕಹಿ ಹೆಚ್ಚಾಗಿದೆ ಅನ್ಸುತ್ತೆ. ಇರಿ, ಇದಕ್ಕೆ ಉಪಾಯ ಇದೆ," ಎಂದು ಎದ್ದು ಹೋಗಿ ಜೇನಿನ ಸೀಸೆ ತಂದರು.

"ಜೇನು ನಮಗೆ ಆಗುತ್ತಾ?" ಹುಡುಗನ ತಂದೆ ಕೇಳಿದರು. ಕೈ ಆಗಲೇ ತಟ್ಟೆಯನ್ನು ಮುಂದೆ ತಳ್ಳಿತ್ತು.

"ಔಷಧಿ ಸಾರ್ ಇದು! ನಾನು ದಿನಾ ತಿಂತೀನಿ."

 ಒಂದೇ ಕಾಯಿಲೆಯ ಇಬ್ಬರು ಹಿರಿಯರು ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂತು, ಆ ಕೆಟ್ಟ ಮುದ್ದೆಯ ಮೇಲೆ ಜೇನು ಸುರಿದು, ಕಲಸಿ, ಬೆರಳು ಚೀಪಿ ಚೀಪಿ ತಿಂದರು. ಇಬ್ಬರ ಮೊಣಕೈವರೆಗೂ ಅಂಟು ಇಳಿಯಿತು. ಅದರ ಮೇಲೆ ನೊಣ ಬಂದು ಕೂತವು. ಇಬ್ಬರೂ ಓಡಿಸಲಿಲ್ಲ. ಹೋಗುವಾಗ ಹುಡುಗನ ತಂದೆ ಮಾವನ ಭುಜ ತಟ್ಟಿ, "ಸಂಬಂಧ ಕೂಡಿಬಂತು ಅಂದ್ಕೊಳ್ಳಿ" ಎಂದರು. ಅತ್ತೆಗೆ ಸಂತೋಷದಿಂದ ಅಳುವೇ ಬಂತು. ಉಳಿದ ಕೇಸರಿಬಾತನ್ನು ನಾನು ಹಿಂದಿನ ಸೈಟಿನಲ್ಲಿ ಮೇಯುತ್ತಿದ್ದ ಎಮ್ಮೆಯ ಮುಂದೆ ಇಟ್ಟೆ. ಅದು ಮೂಸಿ ಪಕ್ಕಕ್ಕೆ ಹೋಯಿತು.

ಮಾರನೆಯ ಬೆಳಿಗ್ಗೆ ಕೊಳವೆಯಲ್ಲಿ ಎಂದಿಗಿಂತ ಗಾಢವಾದ ಕೆಂಪು. ಚೆಲ್ಲಲಿಲ್ಲ. ಹಾಗೇ ಹಿಡಿದುಕೊಂಡು ಹೋಗಿ, ರೊಟ್ಟಿ ತಿನ್ನುತ್ತಿದ್ದ ಮಾವನ ಎದುರು ಜೇನಿನ ಸೀಸೆಯ ಪಕ್ಕ ಎತ್ತಿ ಹಿಡಿದೆ.

"ಮಾವ, ಜೇನು ಸಕ್ಕರೆಯಲ್ಲ ಅಂತೀರಲ್ಲ, ಇದು ಎಲ್ಲಿಂದ ಬಂತು ಹೇಳಿ."

ಅವರ ಮುಖ ಕಪ್ಪಿಟ್ಟಿತು. "ತಿನ್ನೋ ಹೊತ್ತಲ್ಲಿ ಇದೇನು ಹೇಸಿಗೆ!" ಎಂದು ಮೊದಲ ಸಲ ನನ್ನ ಮೇಲೆ ಗದರಿದರು. "ನಿನ್ನ ನೀಲಿ ಔಷಧಿ ಕೆಟ್ಟಿದೆ, ಹೊಸ ಸೀಸೆ ತರಿಸು."

ಹೊಸ ಸೀಸೆ ತರಿಸಿದೆವು. ಬಣ್ಣ ಬದಲಾಗಲಿಲ್ಲ.

ಮದುವೆಯ ಏರ್ಪಾಡಿಗೆಂದು ಮಾವ ಹೊಸ ಚಪ್ಪಲಿ ಮೆಟ್ಟಿಕೊಂಡು ಅಲೆದರು. ಅದು ಬಲಗಾಲಿನ ಕಿರುಬೆರಳಿಗೆ ಕಚ್ಚಿ ಗುಳ್ಳೆ ಎದ್ದಿತು. ನೋವೇ ಆಗಲಿಲ್ಲವಂತೆ, ಹಾಗಾಗಿ ಯಾರಿಗೂ ಹೇಳಲಿಲ್ಲ. ಒಂದು ದಿನ ಅವರ ಹಾಸಿಗೆ ಸುತ್ತುವಾಗ ಕೊಳೆತ ಹಣ್ಣಿನ ವಾಸನೆ ಬಂತು. ಬೆಲ್ಲದ ಟ್ರಂಕಿನಲ್ಲಿ ಏನೋ ಹಳಸಿದೆ ಎಂದು ತೆಗೆದು ನೋಡಿದೆ, ಅಲ್ಲಿಂದಲ್ಲ. ವಾಸನೆ ಅವರ ಕಾಲಿನದು. ಬೆರಳು ಕಪ್ಪಾಗಿತ್ತು.

ಡಾಕ್ಟರು ಮನೆಗೇ ಬಂದರು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ, "ಏನೇನು ತಿಂತಿದೀರಿ?" ಅಂದರು.

"ಸಕ್ಕರೆ ಮುಟ್ಟಿಲ್ಲ ಡಾಕ್ಟ್ರೇ. ಕಾಫಿಗೂ ಮಾತ್ರೆ."

ಹೇಳಬೇಡ ಎಂದು ಮಾವನ ಕಣ್ಣು ನನ್ನನ್ನು ಬೇಡುತ್ತಿತ್ತು. ನಾನು ತಡೆದುಕೊಳ್ಳಲಿಲ್ಲ. "ಜೇನು ತಿಂತಾರೆ, ಬೆಲ್ಲ ತಿಂತಾರೆ," ಅಂದೆ. ಟ್ರಂಕು ಎಳೆದು ತೋರಿಸಿದೆ.

ಡಾಕ್ಟರು ರೇಗಲಿಲ್ಲ. "ಜೇನಾಗಲಿ ಬೆಲ್ಲವಾಗಲಿ, ಹೊಟ್ಟೆಗೆ ಇಳಿದ ಮೇಲೆ ನಿಮ್ಮ ಮೈಗೆ ಅದೂ ಸಕ್ಕರೆನೇ. ಮಣ್ಣಿಂದ ಬಂತೋ ಮಿಲ್ಲಿಂದ ಬಂತೋ ರಕ್ತ ಕೇಳಲ್ಲ," ಅಂದರು.

"ಆ ಮಾತ್ರೆ?" ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಕೇಳಿದರು. "ಅದು ಒಳ್ಳೇದು ತಾನೆ?"

"ಒಳ್ಳೇದು ಅಂತ ನಾನು ಹೇಳಲಿಲ್ಲವಲ್ಲಮ್ಮ. ಅದು ಸಕ್ಕರೆಯಲ್ಲ, ಅಷ್ಟೇ. ವರ್ಷಗಟ್ಟಲೆ ತಿಂದರೆ ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ. ಕಾಯಿಲೆ ಇಲ್ಲದವರು ಯಾಕೆ ತಿಂತೀರಿ? ಇವರಿಗೂ ಸಿಹಿಯ ಚಪಲ ಅದರಿಂದ ಕಮ್ಮಿ ಆಗಿಲ್ಲವಲ್ಲ."

ದೊಡ್ಡಾಸ್ಪತ್ರೆಯಲ್ಲಿ ಮಾವನ ಕಿರುಬೆರಳು ತೆಗೆದರು. ಕಾಲು ಉಳಿಯಿತು. ಇನ್ಸುಲಿನ್ ಚುಚ್ಚಲು ನನ್ನ ಗಂಡ ಕಲಿತರು. ಹುಣ್ಣು ತೊಳೆಯುವುದು ಅತ್ತೆಯ ಪಾಲಿಗೆ ಬಂತು, ಮಡಿಯನ್ನು ಪಕ್ಕಕ್ಕಿಟ್ಟು ಅವರೇ ಮಾಡಿದರು. ಮನೆಗೆ ಬಂದ ದಿನ ನಾನು ಕಾಫಿ ಕೊಟ್ಟಾಗ ಮಾವ ಲೋಟವನ್ನು ಕೈಯಲ್ಲೇ ಹಿಡಿದು ಕೇಳಿದರು.

"ಮಾತ್ರೆ ಹಾಕಿದೀಯೇನಮ್ಮ?"

"ಹಾಕಿದೀನಿ."

"ಬೇಡ. ಬೇರೆ ಕೊಡು. ಏನೂ ಹಾಕಬೇಡ."

ಕೊಟ್ಟೆ. ಮುಖ ಕಿವುಚಿದರು. ಅರ್ಧ ಬಿಟ್ಟರು. ಮರುದಿನ ಇನ್ನೂ ಸ್ವಲ್ಪ ಹೆಚ್ಚು ಕುಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ, ಸಿಹಿ ಇಲ್ಲದಿದ್ದರೆ ಬೀಜ ಹದವಾಗಿ ಹುರಿದಿದ್ದೀವೋ ಇಲ್ಲವೋ ಗೊತ್ತಾಗುತ್ತೆ ಎಂದು ನಮಗೇ ತಪ್ಪು ಹಿಡಿಯತೊಡಗಿದರು. ನನಗೂ ಹಾಗೆ ಕುಡಿಯುವುದೇ ಹಿತವಾಯಿತು. ನೀಲಿ ದ್ರವ ಹಸಿರಿಗೆ ನಿಲ್ಲತೊಡಗಿತು.

ನಾದಿನಿಯ ಮದುವೆಗೆ ಪಕ್ಕದ ಖಾಲಿ ಸೈಟಿನಲ್ಲಿ ಚಪ್ಪರ ಹಾಕಿಸಿದ್ದೆವು. ಬೀಗರ ಊಟದ ಪಂಕ್ತಿಯಲ್ಲಿ ಹುಡುಗನ ತಂದೆ ಮಾವನ ಪಕ್ಕದಲ್ಲೇ ಕೂತರು. ಹೋಳಿಗೆ ಬಂತು. "ಬೆಲ್ಲದ್ದು ತಾನೆ? ಹಾಕಿ, ಹಾಕಿ. ಮೇಲೆ ಒಂಚೂರು ಜೇನು ಇದ್ರೆ..." ಎಂದು ಮಾವನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಮಾವ ಮಡಚಿದ ಬಲಗಾಲನ್ನು ಎಲೆಯ ಪಕ್ಕಕ್ಕೆ ಚಾಚಿ, ಸುತ್ತಿದ್ದ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದರು. ಬೆರಳಿದ್ದ ಜಾಗದಲ್ಲಿ ಕೆಂಪಗೆ ಹೊಳೆಯುವ, ಇನ್ನೂ ಪೂರ್ತಿ ಮಾಯದ ಚರ್ಮ. ಔಷಧಿಯ ವಾಸನೆ ತುಪ್ಪದ ವಾಸನೆಯೊಂದಿಗೆ ಬೆರೆಯಿತು. "ನೋಡಿ ಬೀಗರೇ," ಅಂದರು. "ಇದು ಔಷಧಿ ಅಂತ ತಿಂದ ಜೇನು."

ಎದುರು ಸಾಲಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಬಡಿಸುವವನು ಸೌಟು ಹಿಡಿದು ಹಾಗೇ ನಿಂತ. ಅತ್ತೆ ಹಣೆ ಚಚ್ಚಿಕೊಂಡರು. ಹುಡುಗನ ತಂದೆ ಒಂದು ಗಳಿಗೆ ಆ ಕಾಲನ್ನೇ ನೋಡಿದರು. ಆಮೇಲೆ ಎಲೆಯನ್ನೇ ಎತ್ತಿಕೊಂಡು ಚಪ್ಪರದ ಆ ಕೊನೆಗೆ ಹೋಗಿ, ನಮ್ಮ ಕಡೆ ಬೆನ್ನು ಹಾಕಿ ಕೂತರು. ಅಲ್ಲಿಂದ ಹೋಳಿಗೆ ತರುವವನನ್ನು ಎರಡೆರಡು ಸಲ ಕೂಗಿ ಕರೆದದ್ದು ನಮಗೆಲ್ಲ ಕೇಳಿಸಿತು.

ಮಾವ ಬಟ್ಟೆ ಸುತ್ತಿಕೊಂಡು, ಕೈ ತೊಳೆದು ಬಂದು ಮತ್ತೆ ಕೂತರು. ಪಂಕ್ತಿಯ ಪಕ್ಕ ಬಡಿಸಲು ನಿಂತಿದ್ದ ನನ್ನನ್ನು ನೋಡಿ, "ಅನ್ನ ಸಾಕು, ಮಜ್ಜಿಗೆ ಹಾಕಮ್ಮ," ಅಂದರು.