ಅಂಜನಮ್ಮನ ಗುಂಡಿಯ ಬೇಟೆಗಾರರು

ಬೆಳ್ಳಂಬೆಳಗ್ಗೆ, ಘಾಟಿ ಸುಬ್ರಹ್ಮಣ್ಯದ ಹತ್ತಿರದ ಹಿತ್ತಲೊಂದರಲ್ಲಿ ಅಂಜನಮ್ಮ ಗೊಬ್ಬರದ ಗುಂಡಿಗೆ ಕೈಯಿಟ್ಟು ಚಿಟಿಕೆ ಮಣ್ಣು ತೆಗೆಯುತ್ತಾರೆ. ನೀರಿನಲ್ಲಿ ಕಲಕಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಾರೆ. ಫೋಟೊಗಾಗಿ ನಡೆಸುವ ನಾಟಕವಿರಬಹುದೆಂದು ಪತ್ರಿಕೆಗೆ ಬರೆಯಲು ಬಂದ ನನಗೆ ಗುಮಾನಿ. ಗೊಬ್ಬರ ಮಾರುವವರ ಮಾತನ್ನು ನಾನು ಸುಲಭಕ್ಕೆ ನಂಬುವವನಲ್ಲ.

"ನನ್ ಮಾತು ಬಿಡಿ, ನೀವೇ ನೋಡಿ," ಎಂದು ಅವರು ಸರಿದು ಕೂರುತ್ತಾರೆ.

ಗಂಜಿಯ ಹನಿಯಂಥ ಜೀವಿಯೊಂದು ಮೆಲ್ಲಗೆ ಹರಿದು, ಪಕ್ಕದ ಚುಕ್ಕಿಯನ್ನು ಒಳಗೆಳೆದುಕೊಳ್ಳುತ್ತದೆ. ಚುಕ್ಕಿ ಬ್ಯಾಕ್ಟೀರಿಯಾ, ನುಂಗಿದ್ದು ಅಮೀಬಾ. ಬ್ಯಾಕ್ಟೀರಿಯಾ ಮೈಯಲ್ಲಿ ಹಿಡಿದಿಟ್ಟ ಸಾರಜನಕ ಹೀಗೆ ಬೇಟೆಯಾದ ಮೇಲೆ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ಕೆಲವು ರೋಗಾಣುಗಳೂ ಹತೋಟಿಗೆ ಬರುತ್ತವೆ.

ಅಂಜನಮ್ಮ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಸೀರೆಗಳ ನೇಯ್ಗೆಯ ತಪ್ಪು ಹಿಡಿಯುತ್ತಿದ್ದವರು. ಮಗ್ಗ ನಿಂತ ಮೇಲೆ ಮಹಿಳಾ ಸಂಘದ ತರಬೇತಿ ಪಡೆದು ಗೊಬ್ಬರ ಮಾಡಿ ಮಾರತೊಡಗಿದರು. ತಪ್ಪು ಹುಡುಕುವ ಚಾಳಿ ಮಾತ್ರ ಬಿಟ್ಟಿಲ್ಲ.

ಗೊಬ್ಬರದಲ್ಲಿ ಬೇಟೆಗಾರರಿದ್ದಾರೆ ಎಂದು ಊರಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೇ ಮುಳುವಾಯಿತು. ಮಾಂಸ ತಿನ್ನುವ ಹುಳ ಸಾಕುತ್ತಾಳೆಂಬ ಗುಸುಗುಸು ಎದ್ದಿತು. ಪಕ್ಕದ ಹೊಲದ ಮುನಿಶಾಮಪ್ಪ ತಮ್ಮ ಟೊಮೆಟೊ ಸಸಿಗಳು ಹಳದಿಯಾದಾಗ ತಾವು ಕೊಂಡಿದ್ದ ಈ ಗೊಬ್ಬರವನ್ನೇ ದೂರಿದರು. ಆ ಸಲದ ಗೊಬ್ಬರ ಪೂರ್ತಿ ಮಾಗಿರಲಿಲ್ಲವೆಂದು ಅಂಜನಮ್ಮ ಈಗ ಒಪ್ಪುತ್ತಾರೆ. ಅವರು ದೂರಿದ ಮರುದಿನ ಗುಂಡಿಯ ತುಂಬ ಬ್ಲೀಚಿಂಗ್ ಪೌಡರ್ ಬಿದ್ದಿತ್ತು. ಹನಿಯಲ್ಲಿ ಒಂದು ಜೀವವೂ ಮಿಸುಕಲಿಲ್ಲ. ಅಂಜನಮ್ಮ ಸಂಘದ ಸಭೆಯಲ್ಲೇ ಮುನಿಶಾಮಪ್ಪನ ಹೆಸರು ಹೇಳಿದರು. ಸುರಿದದ್ದು ನಾನಲ್ಲವೆಂದು ಅವರು ಹೇಳಿದರೂ ಯಾರೂ ನಂಬಲಿಲ್ಲ.

ಹೋದ ವಾರ ಅಂಜನಮ್ಮನ ಅತ್ತೆ ಅಕ್ಕಯಮ್ಮ ಮೊದಲ ಬಾರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಅವರ ಮರಿಮಗಳು ಆಡುವುದು ಗುಂಡಿಯ ಪಕ್ಕದಲ್ಲೇ.

"ಇಷ್ಟೇನಾ? ಮಗೀನ ಕಾಲು ಕಚ್ತವೆ ಅಂತ ನಾನೇ ಕಣೇ ಪೌಡ್ರು ಸುರಿದಿದ್ದು," ಎಂದರು.

ಅಂಜನಮ್ಮ ಅಂದು ಊಟ ಮಾಡಲಿಲ್ಲವಂತೆ. ಇಷ್ಟು ದಿನ ಕಳ್ಳನನ್ನು ಬೇಲಿಯಾಚೆ ಹುಡುಕಿದ್ದಕ್ಕೆ ನಾಚಿಕೆಯಾಯಿತು ಎನ್ನುತ್ತಾರೆ.

ಈಗ ಅವರು ಬಿದಿರಿನ ಮಂಕರಿ ತುಂಬ ಮಾಗಿದ ಗೊಬ್ಬರ ಹೊತ್ತು ಬೇಲಿ ದಾಟುತ್ತಾರೆ, ಹಿಂದೆ ನಾನು. ಮುನಿಶಾಮಪ್ಪ ಮಂಕರಿಯನ್ನೂ ನನ್ನನ್ನೂ ಅನುಮಾನದಿಂದ ನೋಡುತ್ತಾರೆ. ಅಂಜನಮ್ಮ ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎನ್ನುತ್ತಾರೆ. ಮುನಿಶಾಮಪ್ಪ ಟೊಮೆಟೊದ ಒಂದೇ ಒಂದು ಸಾಲನ್ನು ತೋರಿಸುತ್ತಾರೆ. ಆಕೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಬುಡಕ್ಕೂ ಗೊಬ್ಬರ ಹಾಕುತ್ತಾರೆ.

ಈ ಸಾಲು ಚಿಗುರಿದರೆ ತಪ್ಪು ತೀರಿದಂತಲ್ಲವೇ ಎಂದು ಅಂಜನಮ್ಮನನ್ನು ಕೇಳುತ್ತೇನೆ.

"ಚಿಗುರ್ಲಿ, ಬಿಡ್ಲಿ. ಸಭೇಲಿ ಅವ್ರ ಮೇಲೆ ಹೊರಿಸಿದ್ದನ್ನ ನಾನು ಅದೇ ಸಭೇಲಿ ಇಳಿಸ್ಬೇಕು. ನಮ್ಮತ್ತೇನೂ ಬರ್ತೀನಿ ಅಂದವ್ರೆ."