ಇಂದ್ರಾಬಾಯಿ ಅಕ್ಕೋರ ಉಸುಕಿನ ಕಾಳಗ

ತಂಗಡಗಿಯ ಶಾಲೆಯಲ್ಲಿ ಏಳನೆಯ ತರಗತಿಗೆ ಇತಿಹಾಸ ಕಲಿಸುತ್ತಿದ್ದ ಇಂದ್ರಾಬಾಯಿಗೆ ಊಟದ ಬಿಡುವಿನ ನಂತರದ ತಾಸು ಗಂಟುಬಿದ್ದಿತ್ತು. ಹೊಟ್ಟೆ ತುಂಬ ರೊಟ್ಟಿ ತಿಂದು ಬಂದ ಮಕ್ಕಳು, ರಾಜ ಪಟ್ಟವೇರುವ ಮೊದಲೇ ತೂಕಡಿಸಲು ಶುರುಮಾಡುತ್ತಿದ್ದರು. ವಿಜಯನಗರದ ರಾಮರಾಯನಿಗೂ ಸುಲ್ತಾನರಿಗೂ ನಡೆದ ದೊಡ್ಡ ಯುದ್ಧಕ್ಕೆ ರಕ್ಕಸಗಿ-ತಂಗಡಗಿ ಎಂದು ಈ ಊರಿನದೇ ಹೆಸರು. ಆ ಪಾಠದಲ್ಲೂ ಹಿಂದಿನ ಸಾಲು ಗೊರಕೆ ಹೊಡೆಯಿತು.

ಆಕೆ ಸಾಲೋಟಗಿಯ ಕುರುಬರ ಮನೆಯ ಮಗಳು. ತಂದೆ ಅಮೋಘಸಿದ್ಧ ಕುರಿ ಹೊಡೆದುಕೊಂಡು ಭೀಮಾ ತೀರದವರೆಗೆ ಹೋಗಿಬರುವಾತ. ಹಿಂಡಿಗೆ ತೋಳ ಬಿದ್ದ ಸುದ್ದಿಯನ್ನು ಆತ ಬಾಯಲ್ಲಿ ಹೇಳಿ ಮುಗಿಸುತ್ತಿರಲಿಲ್ಲ. ಅಂಗಳದಲ್ಲಿ ಹರಳು ಜೋಡಿಸಿ, "ಇಲ್ಲಿ ನಾಯಿ, ಇಲ್ಲಿ ನಾನು, ತ್ವಾಳ ಹಿಂಗ ಹಳ್ಳ ಹಿಡದ ಬಂತು. ನೀ ಇದ್ರ ಏನ ಮಾಡ್ತಿದ್ದಿ?" ಎಂದು ಮಗಳನ್ನು ಕೇಳುತ್ತಿದ್ದ. ಆಕೆ ಓದಿದಳು, ಶಿಕ್ಷಕಿಯಾದಳು, ತಂಗಡಗಿಯ ದರ್ಜಿ ಗುರಣ್ಣನನ್ನು ಮದುವೆಯಾಗಿ ಕೃಷ್ಣೆಯ ದಂಡೆಗೆ ಬಂದಳು. ತರಗತಿಯಲ್ಲಿ ಮಾತ್ರ, ತನಗೆ ಶಾಲೆಯಲ್ಲಿ ಹೇಗೆ ಕಲಿಸಿದ್ದರೋ ಹಾಗೆ, ಕಾರಣಗಳು ಮೂರು, ಪರಿಣಾಮಗಳು ನಾಲ್ಕು ಎಂದು ಬರೆಸುತ್ತಿದ್ದಳು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ ಬಂತು. ಚಹಾದಂಗಡಿಯ ರೇಡಿಯೋ ಮುಂದೆ ಊರೇ ನೆರೆಯುತ್ತಿತ್ತು. ಒಂದು ಮುಂಜಾನೆ ಶಾಲೆಯ ಬಯಲಿನಲ್ಲಿ ಬೀರಣ್ಣ, ಅದೇ ಹಿಂದಿನ ಸಾಲಿನ ಗೊರಕೆಯ ಬೀರಣ್ಣ, ಬೆಂಕಿಪೊಟ್ಟಣಗಳನ್ನು ಟ್ಯಾಂಕು ಮಾಡಿ, ಮಣ್ಣಿನಲ್ಲಿ ನದಿಗಳ ಗೆರೆ ಕೊರೆದು, ಸುತ್ತ ನಿಂತವರಿಗೆ ವಿವರಿಸುತ್ತಿದ್ದ. "ಈ ಕಡಿಂದ ಹೋದ್ರ ಹೊಳಿ ಅಡ್ಡ ಬರತೈತಿ. ಮತ್ತ ನಮ್ಮವ್ರು ಹೆಂಗ ದಾಟಿದ್ರು ಹೇಳ್ರಿ ನೋಡೂಣು?"

ಇಂದ್ರಾಬಾಯಿ ಗಂಟೆಯಾದರೂ ಒಳಗೆ ಹೋಗದೆ ಅಲ್ಲೇ ನಿಂತುಬಿಟ್ಟಳು. ಇದು ತನ್ನ ಅಪ್ಪನ ಪಾಠ!

ಸಂಕ್ರಾಂತಿ ಕಳೆದ ಮೇಲೆ ಇಡೀ ತರಗತಿಯನ್ನು ಹೊಳೆಯ ಉಸುಕಿಗೆ ಕರೆದೊಯ್ದಳು. ಮಕ್ಕಳು ಮೊಣಕಾಲುದ್ದ ಕಾಲುವೆ ತೋಡಿ ನೀರು ಬಿಟ್ಟರು, ಅದು ಕೃಷ್ಣೆ. ಮೇಲೊಂದು ಕೆಳಗೊಂದು, ಎರಡು ಕಡೆ ಕಲ್ಲಿಟ್ಟು ಕಡವು, ಅಂದರೆ ಸೈನ್ಯ ನಡೆದು ದಾಟಬಹುದಾದ ಜಾಗ, ಗುರುತು ಮಾಡಿದರು. ಹುಣಸೆಬೀಜ ಕಾಲಾಳು, ಹರಳು ಕುದುರೆ, ಗಜ್ಜುಗ ಆನೆ. ಗುರಣ್ಣ ಅಂಗಡಿಯ ಚಿಂದಿಗಳಲ್ಲಿ ಬಾವುಟ ಹೊಲಿದು ಕೊಟ್ಟಿದ್ದ. ಕಾಲುವೆಯ ಮೇಲೆ ಎರಡು ಗೂಟಕ್ಕೆ ಕಂಬಳಿ ಕಟ್ಟಿದ್ದರಿಂದ ಈ ದಂಡೆಯವರಿಗೆ ಆ ದಂಡೆ ಕಾಣುತ್ತಿರಲಿಲ್ಲ. ಒಂದು ಸರದಿಗೆ ಒಬ್ಬ ಗುಪ್ತಚಾರ ಮಾತ್ರ ಒಮ್ಮೆ ಇಣುಕಬಹುದು. ಸೇನಾಪತಿ ತನ್ನ ಹುಕುಮನ್ನು ಇಂದ್ರಾಬಾಯಿಯ ಕಿವಿಯಲ್ಲಿ ಹೇಳಬೇಕು. ಎದುರುಬದುರಾದಾಗ ಗೆದ್ದವರು ಯಾರೆಂಬುದನ್ನು ಕವಡೆ ಹೇಳುತ್ತದೆ.

ಯಾರಿಗೂ ಸುಲ್ತಾನರಾಗುವುದು ಬೇಡ. ಕೊನೆಗೆ ಚೀಟಿ ಎತ್ತಿದರು. ಉತ್ತರ ದಂಡೆಯ ಸುಲ್ತಾನರ ದಂಡು ಬೀರಣ್ಣನ ಪಾಲಾಯಿತು. ದಕ್ಷಿಣ ದಂಡೆಯಲ್ಲಿ ರಾಮರಾಯನಾಗುವ ಚೀಟಿ ಹರಗೋಲು ನಡೆಸುವವರ ಮಗಳು ಹಜರಾಬಿಗೆ ಬಂತು.

"ಅಕ್ಕೋರ, ರಾಮರಾಯಗ ಮೀಸಿ ಇತ್ತಲ್ರಿ?"

"ಮೀಸಿ ಇದ್ದೂ ಸೋತ. ನೀ ಮೀಸಿ ಇಲ್ಲದ ಗೆದ್ದ ತೋರಿಸು."

ಬೀರಣ್ಣ ದಂಡನ್ನೆಲ್ಲ ಹೊಳೆಗುಂಟ ಮೇಲಕ್ಕೆ ಸಾಗಿಸಿದ. ಗುಪ್ತಚಾರ ಬಂದು ಹೇಳಿದ್ದೇ ತಡ, ಹಜರಾಬಿ ಕೆಳಗಿನ ಕಡವನ್ನು ಬಿಟ್ಟು ಅವನಿಗೆ ಸರಿಸಮನಾಗಿ ಮೇಲಕ್ಕೆ ನಡೆದಳು. ಮುಂದಿನ ಸರದಿಗೆ ಬೀರಣ್ಣನ ಕುದುರೆಗಳು ಹಿಂದಿರುಗಿ, ಕಾವಲಿಲ್ಲದ ಕಡವಿನಲ್ಲಿ ಹೊಳೆ ದಾಟಿಬಿಟ್ಟವು. ಕಂಬಳಿ ಸರಿಸಿದಾಗ ದಕ್ಷಿಣ ದಂಡೆಯ ಮಕ್ಕಳು ಬಾಯಿ ತೆರೆದು ನೋಡಿದರು.

"ಮೋಸ!" ಎಂದು ಚೀರಿದಳು ಹಜರಾಬಿ.

"ಮೋಸ ಅಲ್ಲ ಯವ್ವಾ, ಅಂದೂ ಹಿಂಗ ಆತು ಅಂತ ಬರದಾರ," ಎಂದಳು ಇಂದ್ರಾಬಾಯಿ. "ರಾಮರಾಯ ಯಾಕ ನಂಬಿದ್ದಾನು, ಈಗ ನೀನ ಹೇಳು."

ಹಜರಾಬಿ ಉಸುಕಿನಲ್ಲಿ ಕೂತು ಯೋಚಿಸಿದಳು. "ದಂಡ ಹೊಂಟಿದ್ದು ಕಣ್ಣಿಗೆ ಕಂಡಿತ್ರಿ. ಯಾಕ ಹೊಂಟೈತಿ ಅನ್ನೂದು ಕಾಣಲಿಲ್ರಿ."

ಮೂರು ಕಾರಣ ಬರೆಸುತ್ತಿದ್ದ ಇಂದ್ರಾಬಾಯಿಗೆ ಅಂಥ ಉತ್ತರ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ವಾರ ಕಳೆಯುವುದರೊಳಗೆ ಬೀರಣ್ಣನ ಅಜ್ಜಿ ದುರ್ಗವ್ವ ಶಾಲೆಗೆ ಬಂದಳು. "ಏನಬೇ ಅಕ್ಕೋರ, ನನ್ನ ಮೊಮ್ಮಗನ್ನ ಸುಲ್ತಾನ ಮಾಡೀರಂತಲ್ಲ! ನೀರ ತುಂಬು ಅಂದ್ರ ಹುಕುಂ ಆಗಿಲ್ಲ ಅಂತಾನ. ಮನ್ಯಾಗಿನ ಹುಣಚೀಬೀಜ ಎಲ್ಲಾ ಖಾಲಿ!" ಎಂದು ಜಗಳ ತೆಗೆದವಳು, ಆಟ ಹೇಗೆಂದು ಕೇಳುತ್ತ ಕೇಳುತ್ತ ಹೊಳೆಗೇ ಬಂದು ಕೂತಳು. ಆಮೇಲಿಂದ ದಕ್ಷಿಣ ದಂಡೆಗೆ ಪುಕ್ಕಟೆ ಸಲಹೆ ಕೊಡುವುದೂ ಅವಳದೇ ಕೆಲಸವಾಯಿತು.

ಫೆಬ್ರುವರಿಯಲ್ಲಿ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ರೇವಣಪ್ಪನವರಿಗೆ ತರಗತಿ ಬರಿದಾಗಿ ಕಂಡಿತು. ಗದ್ದಲ ಬಂದ ದಿಕ್ಕು ಹಿಡಿದು ಹೊಳೆಗೆ ಇಳಿದರು. ಅಂದು ಹಜರಾಬಿ ಅರ್ಧ ದಂಡನ್ನು ಕಡವಿನಲ್ಲೇ ಉಳಿಸಿದ್ದಳು. ಸುಲ್ತಾನರು ನೀರಿನಲ್ಲಿ ಸಿಕ್ಕಿಬಿದ್ದಿದ್ದರು.

"ಇದೇನ್ರಿ ಬಾಯಾರ? ಪುಸ್ತಕದಾಗ ವಿಜಯನಗರ ಸೋತೈತಿ, ನಿಮ್ಮಲ್ಲೆ ಗೆಲ್ಲಾಕತ್ತೈತಿ!"

ಇಂದ್ರಾಬಾಯಿ ಕವಡೆಗಳನ್ನು ಕೆಳಗಿಟ್ಟು ಎದ್ದು ನಿಂತಳು. "ಪುಸ್ತಕದಾಗ ಯಾಕ ಸೋತೈತಿ ಅಂತ ಹುಡುಗರನ್ನ ಕೇಳ್ರಿ ಸಾಹೇಬ್ರ," ಎಂದಳು.

ಅವರು ಕೇಳಿದರು. ಕೇಳಿದ್ದೇ ತಪ್ಪಾಯಿತು! ಹಜರಾಬಿ ಕಡವಿನ ಕಾವಲು ಎಂದಳು, ಬೀರಣ್ಣ ತೋಪು ಎಂದ, ಮತ್ತೊಬ್ಬರು ರಾಮರಾಯನ ವಯಸ್ಸು ಎಂದರು. ಒಬ್ಬರ ಮಾತು ಒಬ್ಬರು ಕಡಿಯುತ್ತ ಎಲ್ಲರೂ ಸಾಹೇಬರ ಮೈಮೇಲೆ ಬಂದರು. ರೇವಣಪ್ಪನವರು ಟೋಪಿ ತೆಗೆದು, ಬೂಟು ಕಳಚಿ, ಉಸುಕಿನಲ್ಲಿ ಕೂತರು.

"ನೀವ ಯಾಕ ಆಡವಲ್ರಿ? ಕವಡಿ ನಾ ನೋಡ್ಕೋತೇನಿ. ನೀವು ರಾಮರಾಯ ಆಗ್ರಿ."

ಇಂದ್ರಾಬಾಯಿ ಸೆರಗು ಸಿಕ್ಕಿಸಿದಳು. ಎದುರಿಗೆ ಬೀರಣ್ಣ, ಹಜರಾಬಿ ಇಬ್ಬರೂ ಒಂದಾದರು. ದಂಡು ಹೊಳೆಗುಂಟ ಮೇಲಕ್ಕೆ ಹೊರಟಿದೆ ಎಂದು ಗುಪ್ತಚಾರ ಬಂದು ಹೇಳಿದಾಗ ಆಕೆ ಮನಸ್ಸಿನಲ್ಲೇ ನಕ್ಕಳು: ನನಗೇ ಕಲಿಸುತ್ತೀರಾ? ಒಂದು ಬೀಜವನ್ನೂ ಕದಲಿಸದೆ ಕಡವಿನಲ್ಲೇ ಕಾದಳು. ಮುಂದಿನ ಸರದಿಗೂ, ಗುಪ್ತಚಾರನನ್ನು ಕಳಿಸದೆಯೇ, ಕಾದಳು.

ಕಂಬಳಿ ಸರಿಯಿತು. ಮಕ್ಕಳು ಹಿಂದಿರುಗಿರಲೇ ಇಲ್ಲ. ನಿಜವಾಗಿಯೂ ಮೇಲಿನ ಕಡವಿಗೆ ಹೋಗಿ, ಅಲ್ಲಿಂದ ಹೊಳೆ ದಾಟಿ, ಆಕೆಯ ಬೆನ್ನ ಹಿಂದೆ ಗಜ್ಜುಗದ ಆನೆಗಳನ್ನು ನಿಲ್ಲಿಸಿದ್ದರು.

"ಅಕ್ಕೋರಿಗೆ ಇತಿಹಾಸ ಗೊತ್ತೈತಿ ಅಂತ ನಮಗ ಗೊತ್ತಿತ್ರಿ!" ಎಂದು ಹಜರಾಬಿ ಕುಣಿದಳು. ದುರ್ಗವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಇಂದ್ರಾಬಾಯಿ ಮೊದಲು ತಲೆ ಹಿಡಿದುಕೊಂಡಳು. ಮರುಕ್ಷಣ ಆಕೆಗೆ ಬಂದ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಸೋತು ಅಷ್ಟು ಸಂತೋಷಪಟ್ಟದ್ದು ಆಕೆಗೆ ನೆನಪಿರಲಿಲ್ಲ.

ರೇವಣಪ್ಪನವರು ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಲ್ಲಿ ಶಿಕ್ಷಕರ ಶಿಬಿರವಿಟ್ಟು ಆಕೆಯನ್ನು ಕರೆಸಿದರು. ಗಂಡನ ಹೆಗಲಿಗೆ ಉಸುಕಿನ ಚೀಲ ಹೊರಿಸಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್ ಕೇಳಿದ: "ಬಾಗೇವಾಡ್ಯಾಗ ಉಸುಕಿಲ್ಲೇನ್ರಿ?"

"ಇದು ಯುದ್ಧ ನಡದಿದ್ದ ಹೊಳೀ ಉಸುಕ ಐತ್ರಿ," ಎಂದ ಗುರಣ್ಣ ಗಂಭೀರವಾಗಿ. ಕಂಡಕ್ಟರ್ ಚೀಲಕ್ಕೆ ಸೀಟಿನ ಕೆಳಗೆ ಜಾಗ ಮಾಡಿಕೊಟ್ಟ.

ಶಿಬಿರದಲ್ಲಿ ಮಾಸ್ತರರು ಮಕ್ಕಳಿಗಿಂತ ಜೋರಾಗಿ ಜಗಳವಾಡಿದರು. ಊಟದ ಗಂಟೆ ಬಾರಿಸಿ ಅಡುಗೆಯವನೇ ಸೋತ. ಸಿಂದಗಿಯ ಮಾಸ್ತರರು ಇಂಡಿ ತಾಲೂಕಿನ ಮಾಸ್ತರರ ಆನೆಗಳನ್ನು ಒಪ್ಪಲೇ ಇಲ್ಲ. ಅಷ್ಟು ಆಳದಲ್ಲಿ ಆನೆ ದಾಟುತ್ತದೆಯೇ ಎಂಬ ಪ್ರಶ್ನೆಗೆ ಕೊನೆಗೂ ತೀರ್ಮಾನವಾಗಲಿಲ್ಲ. ನಡುವೆ ಕವಡೆ ಹಿಡಿದು ಕೂತ ಇಂದ್ರಾಬಾಯಿ, ಸೀರೆಗೆಲ್ಲ ಉಸುಕು ಮೆತ್ತಿಸಿಕೊಂಡು, "ಒಬ್ಬೊಬ್ಬರ ಮಾತಾಡ್ರಿ, ಇಲ್ಲಂದ್ರ ಇಬ್ಬರ ದಂಡನ್ನೂ ಹೊಳ್ಯಾಗ ಮುಳುಗಸ್ತೇನಿ!" ಎಂದು ಗದರಿದಳು. ತಲೆ ನರೆತ ಮಾಸ್ತರರೆಲ್ಲ ಕೈಕಟ್ಟಿ ಸುಮ್ಮನೆ ಕೂತರು.