ಕರಿಯನ ಔಷಧದ ಡಬ್ಬ

ಮೊನ್ನೆ ಮಗಳು ತನ್ನ ನಾಯಿಗೆಂದು ಟಿಂಚರ್ ಅಯೋಡಿನ್ ತಂದು ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಬಡಿದದ್ದೇ ನಂಜನಗೂಡಿನ ನಮ್ಮ ಬೀದಿಯ ಕೊನೆಮನೆಯಲ್ಲಿದ್ದ ನರ್ಸಮ್ಮ ಕಣ್ಣ ಮುಂದೆ ಬಂದು ನಿಂತರು...

ಎಪ್ಪತ್ತರ ದಶಕದ ಕೊನೆ. ನನಗಿನ್ನೂ ಮಕ್ಕಳಿರಲಿಲ್ಲ. ಯಜಮಾನರು ಬೆಳಗಿನ ರೈಲಿಗೆ ಮೈಸೂರಿಗೆ ಹೋದರೆ ಬರುವುದು ಸಂಜೆಗೇ. ದಿನವೆಲ್ಲ ನನಗೆ ಜೊತೆ ಕರಿಯ. ಕಣ್ಣು ಬಿಡದ ನಾಯಿಮರಿಯನ್ನು ತಂದು, ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ.

ಒಂದು ದಿನ ಅದು ಹೊಳೆ ಕಡೆಯಿಂದ ಗಾಜು ಚುಚ್ಚಿದ ಕಾಲೆಳೆದುಕೊಂಡು ಬಂತು. ರಕ್ತ ನೋಡಿ ನಾನು ಕೂಗಿಕೊಂಡೆ. ನರ್ಸಮ್ಮ ಓಡಿಬಂದು ಗಾಜು ಕಿತ್ತು, ತೊಳೆದು, ಕಟ್ಟು ಹಾಕಿದರು. ಮರುದಿನ ಬಿಸ್ಕತ್ತಿನ ಹಳೆಯ ಡಬ್ಬ ಹಿಡಿದು ನಮ್ಮ ಜಗಲಿಗೆ ಬಂದರು. ಹತ್ತಿ, ಒಗೆದು ಹರಿದ ಸೀರೆಯ ಪಟ್ಟಿಗಳು, ಉಣ್ಣಿ ಕೀಳಲು ಚಿಮಟ, ಮೊಂಡು ಕತ್ತರಿ, ಟಿಂಚರ್ ಸೀಸೆ... ಎಲ್ಲವನ್ನೂ ಜೋಡಿಸಿದರು.

“ಮೊದ್ಲು ಈ ಪಟ್ಟೀಲಿ ಬಾಯಿ ಕಟ್ಬೇಕು ಕಣ್ರೀ. ನೋವಾದಾಗ ಸಾಕ್ದೋರು ಅಂತ ನೋಡಲ್ಲ, ಕಚ್ಬಿಡ್ತದೆ. ಬೇಗ ಮುಗ್ಸಿ ಬಿಚ್ಬಿಡಿ, ಉಸಿರಾಡ್ಬೇಕಲ್ಲ. ನಾವು ನುಂಗೋ ಮಾತ್ರೆ ಮಾತ್ರ ಕೊಡ್ಬೇಡಿ.”

ಅಷ್ಟು ಹೊತ್ತೂ ಕರಿಯ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ನನ್ನ ತೊಡೆಯ ಮೇಲೆ ಎಂದೂ ಹಾಗೆ ಮಲಗಿದ್ದಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ಅಂದಿನಿಂದ ಅವರು ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕರಿಯ ನಾನು ಕಲಸಿಟ್ಟ ಹಾಲನ್ನ ಬಿಟ್ಟು ಬೀದಿಗೆ ಓಡುತ್ತಿತ್ತು. ತಡೆಯಲಾರದೆ ಹಗ್ಗ ತಂದು ಕಿಟಕಿಯ ಸರಳಿಗೆ ಕಟ್ಟಿಹಾಕಿದೆ. ಅವರ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಜಗ್ಗಾಡಿ ಜಗ್ಗಾಡಿ ಅದರ ಕತ್ತಿನ ಚರ್ಮ ಸುಲಿದುಹೋಯಿತು. ಅವರನ್ನು ಕರೆಯಲು ಮುಖವಿರಲಿಲ್ಲ. ಅವರದೇ ಡಬ್ಬ ತೆರೆದು, ಬಾಯಿ ಕಟ್ಟಿ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯ ತೊಳೆಯುತ್ತಿದ್ದೆ. ತಲೆಯೆತ್ತಿದರೆ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು.

“ಹಗ್ಗದ್ದಾ?”

ನಾನು ಹತ್ತಿಯನ್ನು ಮತ್ತೆ ಉಪ್ಪುನೀರಿಗೆ ಅದ್ದಿದೆ.

“ಚೆನ್ನಾಗಿ ತೊಳ್ದಿದೀರಿ” ಎಂದು ಹೊರಟುಹೋದರು.

ಆಮೇಲೆ ಅವರು ನಮ್ಮ ಮನೆ ಮುಂದೆ ಹಾಯಲಿಲ್ಲ. ನಾಯಿ ಹಗ್ಗ ಜಗ್ಗಬಾರದೆಂದು ಹಿಂದಿನ ಗಲ್ಲಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರಂತೆ, ಹಾಲಿನವಳು ಹೇಳಿದಳು. ತಿಳಿದ ಮೇಲೂ ನಾನು ಕರೆಯಲಿಲ್ಲ. ಗೆದ್ದೆ ಅಂತಲೇ ಅನ್ನಿಸಿತ್ತು... ಆ ವರ್ಷವೇ ಅವರಿಗೆ ತಿ. ನರಸೀಪುರಕ್ಕೆ ವರ್ಗವಾಯಿತು.

ಕರಿಯ ಸತ್ತ ಎಷ್ಟೋ ದಿನಗಳ ಮೇಲೆ, ಮದುವೆಯೊಂದಕ್ಕೆ ನರಸೀಪುರಕ್ಕೆ ಹೋದವಳು ಅವರ ಮನೆ ಹುಡುಕಿದೆ. ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೊರಬಂದಳು.

“ತೀರ್ಕೊಂಡ್ರು ಕಣವ್ವ, ಎರಡು ವರ್ಸಾಯ್ತು. ಒಬ್ರೇ ಇದೀರಿ, ಒಂದು ನಾಯಿ ಸಾಕ್ಕೊಳ್ಳಿ ಅಂದ್ರೆ, ‘ನಂಜನಗೂಡ್ನಲ್ಲಿ ನಂದೊಂದದೆ’ ಅಂತಿದ್ರು.”

ಸುಳ್ಳೇಕೆ ಹೇಳಲಿ, ಆಗಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅಳು ಬಂದದ್ದು ವಾಪಸು ಬರುವ ಬಸ್ಸಿನಲ್ಲಿ...

ಮೊನ್ನೆ ಮಗಳಿಗೆ ನಾಯಿಯ ಔಷಧದ ಡಬ್ಬದಲ್ಲಿ ಏನೇನು ಎತ್ತಿಡಬೇಕೆಂದು ಹೇಳುತ್ತಿದ್ದೆ. “ಇದೆಲ್ಲ ನಿಂಗೆ ಯಾರಮ್ಮ ಹೇಳ್ಕೊಟ್ಟಿದ್ದು?” ಎಂದಳು.

“ನಮ್ಮ ಕರಿಯನ್ನ ನನ್ನ ಜೊತೆ ಸಾಕಿದೋರು” ಎಂದೆ. ಅವರು ಬದುಕಿದ್ದಾಗ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ.